ಕೊನೆಯ ಡಬ್ಬಿಯ ಪಾಠಾಂತರ

ಟಿಳಕವಾಡಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಅಪ್ಪನ ಮಂಚದ ತಲೆದೆಸೆಯ ಗೂಡಿನಲ್ಲಿ, ಒಂದು ಗೇಣು ಉದ್ದದ ಮರದ ಗಾಡಿಯೊಂದಿದೆ. ನಾಲ್ಕು ಗಾಲಿ, ನಡುವೆ ಒಂದು ಕೋಣೆ, ಎರಡೂ ತುದಿಗೆ ಕಟಾಂಜನವಿರುವ ಪುಟ್ಟ ವರಾಂಡ, ಮೇಲೆ ಕಮಾನಿನಂತೆ ಬಾಗಿದ, ಕೈಯಿಂದ ಎತ್ತಬಹುದಾದ ಮಾಡು. ಸಂಶೋಧನೆಯ ವಿಷಯವಾಗಿ ಮಾತನಾಡಲು ಬರುವ ವಿದ್ಯಾರ್ಥಿಗಳು ಅದನ್ನು ಮೊಮ್ಮಕ್ಕಳ ಆಟಿಗೆಯೆಂದೇ ಭಾವಿಸುತ್ತಾರೆ. ಅದು ಮೀಟರ್ ಗೇಜ್ ಕಾಲದ ಸರಕು ಗಾಡಿಯ ಬ್ರೇಕ್ ವ್ಯಾನ್, ಅಂದರೆ ಗಾರ್ಡನ ಡಬ್ಬಿ. ಅಡಿಗೆ ಅರ್ಧ ಇಂಚಿನ ಪ್ರಮಾಣದಲ್ಲಿ, ಮೂಲದ ಇಪ್ಪತ್ನಾಲ್ಕರಲ್ಲಿ ಒಂದು ಪಾಲು. ಅದನ್ನು ಮಾಡಲು ನನಗೆ ಎರಡು ವರ್ಷದ ಭಾನುವಾರಗಳು ಬೇಕಾದವು. ಓಲೆಗರಿ, ತಾಮ್ರಪಟಗಳ ಸಂಗತಿಯನ್ನೇ ಇಲ್ಲಿ ಬರೆಯುತ್ತ ಬಂದವನು ಈ ಸಲ ಮರದ ಡಬ್ಬಿಯೊಂದರ ಕಥೆ ಹೇಳಹೊರಟಿರುವುದಕ್ಕೆ ಕಾರಣವಿದೆ. ಗ್ರಂಥ ಸಂಪಾದನೆಯ ತರಗತಿಯಲ್ಲಿ ಮೂವತ್ತು ವರ್ಷ ಪಾಠ ಹೇಳಿದ ನಾನು, ಅದರ ಒಂದು ಮೂಲಸೂತ್ರವನ್ನು ಈ ಕೆಲಸದಲ್ಲಿ ಮರೆತೆ. ಅದನ್ನು ನೆನಪಿಸಿಕೊಟ್ಟವರು ಕಣ್ಣು ಕಾಣದ ಎಂಬತ್ತಾರು ವರ್ಷದ ಅಪ್ಪ.

ಅಪ್ಪ ಸರಕು ಗಾಡಿಯ ಗಾರ್ಡ್ ಆಗಿದ್ದರು. 1960ರಲ್ಲಿ ಅವರು ಸೇರಿದಾಗ ನಮ್ಮ ದಾರಿ ದಕ್ಷಿಣ ರೈಲ್ವೆಯದು. 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ ಹುಟ್ಟಿ ಹುಬ್ಬಳ್ಳಿ ವಿಭಾಗ ಅದಕ್ಕೆ ಸೇರಿತು. ಹುಬ್ಬಳ್ಳಿಯೇ ಕೇಂದ್ರವಾದ ನೈಋತ್ಯ ರೈಲ್ವೆ ಬಂದದ್ದು 2003ರಲ್ಲಿ, ಅವರು ನಿವೃತ್ತರಾದ ಏಳು ವರ್ಷಗಳ ಮೇಲೆ. ಆಡಳಿತದ ಹೆಸರುಗಳು ಹೀಗೆ ಬದಲಾದರೂ ಅವರ ಲೋಕ ಮಾತ್ರ ಒಂದೇ: ಮಿರಜದಿಂದ ಬೆಳಗಾವಿ, ದೇಸೂರು, ಇದಲಹೊಂಡ, ಖಾನಾಪುರ, ಗುಂಜಿಗಳ ಮೇಲೆ ಲೋಂಡಾದವರೆಗಿನ ಒಂಟಿ ಹಳಿ. ಗ್ಲಾಕೋಮಾ ಅವರ ದೃಷ್ಟಿಯನ್ನು ಹತ್ತು ವರ್ಷಗಳ ಅವಧಿಯಲ್ಲಿ ಅಂಚಿನಿಂದ ನಡುವಿನ ಕಡೆಗೆ ತಿನ್ನುತ್ತ ಬಂದು, ಮೂರು ವರ್ಷಗಳ ಹಿಂದೆ ಪೂರ್ತಿ ಕಸಿದುಕೊಂಡಿತು. ಅಂದಿನಿಂದ ಅವರ ಮಾತು ಕಡಿಮೆಯಾಯಿತು. ಎರಡನೆಯ ರೈಲ್ವೆ ಗೇಟಿನಿಂದ ಗಾಡಿಯ ಸದ್ದು ಕೇಳಿದಾಗ ಮಾತ್ರ ಮುಖ ಎತ್ತುತ್ತಿದ್ದರು. ಒಂದು ದಿನ, "ಬ್ರೇಕ್ ವ್ಯಾನ್ ಹ್ಯಾಂಗಿತ್ತಂತ ಮರತ ಹೋಗಾಕತ್ತೈತಿ ತಮ್ಮಾ, ಕಣ್ಣು ಮುಚ್ಚಿದ್ರೂ ಕಾಣವಲ್ದು" ಎಂದರು. ಮುಟ್ಟಿ ನೋಡುವಂಥದ್ದೊಂದನ್ನು ಮಾಡಿಕೊಡಬೇಕೆಂದು ನನಗೆ ಅನ್ನಿಸಿದ್ದು ಆಗ.

ಅಮೆರಿಕದಲ್ಲಿ ಇಂಥ ಡಬ್ಬಿಯನ್ನು ಕಬೂಸ್ ಎನ್ನುತ್ತಾರೆ. ಹಡಗಿನ ಅಡುಗೆಮನೆಯನ್ನು ಸೂಚಿಸುವ ಡಚ್ಚರ ಮಾತಿನಿಂದ ಬಂದ ಹೆಸರು ಅದು. ಅಲ್ಲಿನ ಡಬ್ಬಿಯಲ್ಲಿ ಒಲೆಯೂ ಮಲಗಲು ಹಾಸಿಗೆಯೂ ಗಾಡಿಯುದ್ದಕ್ಕೂ ಕಣ್ಣಾಡಿಸಲು ಮಾಡಿನ ಮೇಲೊಂದು ಅಟ್ಟವೂ ಇರುತ್ತಿದ್ದವು. ಕಬೂಸಿನ ಮಾದರಿಗಳನ್ನು ಕಟ್ಟುವುದೇ ಅಲ್ಲಿ ಸಾವಿರಾರು ಜನರ ಹವ್ಯಾಸ; ಬೇಕಾದ ನಕ್ಷೆ, ಬಿಡಿಭಾಗಗಳೆಲ್ಲ ಅಂಗಡಿಯಲ್ಲಿ ಸಿಗುತ್ತವೆ. ನಮ್ಮ ಬ್ರೇಕ್ ವ್ಯಾನಿಗೆ ಅಂಥ ವೈಭವವಿರಲಿಲ್ಲ. ಒಲೆಯಿಲ್ಲ, ಹಾಸಿಗೆಯಿಲ್ಲ, ದೀಪವಿಲ್ಲ. ಒಂದು ಹಲಗೆಯ ಬೆಂಚು, ಒಂದು ಕೈ ಬ್ರೇಕಿನ ಚಕ್ರ, ಒಂದು ನಿರ್ವಾತ ಮಾಪಕ. ಉಳಿದದ್ದೆಲ್ಲ ಗಾರ್ಡ್ ತನ್ನ ಕಬ್ಬಿಣದ ಪೆಟ್ಟಿಗೆಯಲ್ಲಿ ಹೊತ್ತು ತರಬೇಕು: ಕೆಂಪು ಹಸಿರು ಬಾವುಟ, ಕೈದೀಪ, ಸೀಟಿ, ನಿಯಮಗಳ ಪುಸ್ತಕ, ಹಳಿಯ ಮೇಲಿಟ್ಟರೆ ಗಾಲಿಯಡಿ ಸಿಡಿದು ಚಾಲಕನನ್ನು ಎಚ್ಚರಿಸುವ ಡೆಟೊನೇಟರುಗಳ ಡಬ್ಬ. ಪೆಟ್ಟಿಗೆಯ ಒಂದು ಮೂಲೆಯಲ್ಲಿ ಅವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟು. ಸೂರ್ಯಾಸ್ತಕ್ಕೆ ಮುನ್ನ ಉಣ್ಣುವ ನಮ್ಮ ಮನೆಯ ಪದ್ಧತಿಯನ್ನು ಅವರು ಗಾಡಿಯಲ್ಲಿಯೂ ಬಿಟ್ಟವರಲ್ಲ. ಗಾಡಿ ಯಾವ ನಿಲ್ದಾಣದ ಲೂಪಿನಲ್ಲಿ ಬಿದ್ದುಕೊಂಡಿದ್ದರೂ ಹೊತ್ತು ಕಂತುವ ಮೊದಲು ಬುತ್ತಿ ಬಿಚ್ಚುತ್ತಿದ್ದರಂತೆ.

ಈ ಡಬ್ಬಿ ಏಕೆ ಬೇಕಿತ್ತೆಂಬುದನ್ನು ಇಂದಿನ ಓದುಗರಿಗೆ ಕೊಂಚ ವಿವರಿಸಬೇಕು. ಹಬೆ ಎಂಜಿನ್ನಿನ ಕಾಲದಲ್ಲಿ ಗಾಡಿಯ ಉದ್ದಕ್ಕೂ ಒಂದು ಕೊಳವೆ ಹಾದುಹೋಗುತ್ತಿತ್ತು. ಎಂಜಿನ್ ಅದರೊಳಗಿನ ಗಾಳಿಯನ್ನು ಹೀರಿ ನಿರ್ವಾತ ಉಂಟುಮಾಡುತ್ತದೆ. ನಿರ್ವಾತ ಇರುವವರೆಗೆ ಬ್ರೇಕು ಬಿಟ್ಟಿರುತ್ತದೆ, ಗಾಳಿ ಒಳನುಗ್ಗಿದರೆ ಹಿಡಿಯುತ್ತದೆ. ಕೊನೆಯ ಡಬ್ಬಿಯ ಮಾಪಕ ಸರಿಯಾದ ಅಂಕೆ ತೋರಿಸಿದರೆ ಕೊಳವೆ ಕೊನೆಯವರೆಗೂ ಕೂಡಿದೆ, ಗಾಡಿ ಇಡಿಯಾಗಿದೆ ಎಂದರ್ಥ. ನಡುದಾರಿಯಲ್ಲಿ ಕೊಕ್ಕೆ ಮುರಿದು ಗಾಡಿ ಎರಡಾದರೆ ಕೊಳವೆಯೂ ಹರಿದು ಎರಡೂ ತುಂಡುಗಳ ಬ್ರೇಕು ತಾನಾಗಿಯೇ ಹಿಡಿಯುತ್ತದೆ. ಆದರೆ ಎಂಜಿನ್ನಿನಿಂದ ಬೇರೆಯಾದ ತುಂಡಿನಲ್ಲಿ ಈ ಹಿಡಿತ ಶಾಶ್ವತವಲ್ಲ. ಸಿಲಿಂಡರುಗಳು ಸೋರಿ ಕ್ರಮೇಣ ಸಡಿಲಾಗುತ್ತದೆ. ಏರಿನಲ್ಲಿ ನಿಂತ ತುಂಡು ಆಗ ಹಿಂದಕ್ಕೆ ಉರುಳತೊಡಗುತ್ತದೆ. ಅದನ್ನು ತಡೆಯಲು ಇರುವುದು ಗಾರ್ಡನ ಕೈಯಲ್ಲಿರುವ ಒಂದು ಚಕ್ರ. ನಮ್ಮ ಭಾಗದಲ್ಲಿ ಇದು ಪುಸ್ತಕದ ಮಾತಲ್ಲ. ಕ್ಯಾಸಲ್‌ರಾಕಿನಿಂದ ಗೋವೆಯ ಕುಳೆಗೆ ಇಳಿಯುವ ಬ್ರಗಾಂಝಾ ಘಟ್ಟದಲ್ಲಿ ಮೂವತ್ತೇಳು ಅಡಿಗೆ ಒಂದಡಿಯ ಇಳಿಜಾರಿದೆ. ಅದನ್ನು ಕಂಡವರಿಗೆ ಬ್ರೇಕಿನ ಬೆಲೆ ಬೇರೆ ಹೇಳಬೇಕಾಗಿಲ್ಲ.

ಈ ದಾರಿಯನ್ನು 1880ರ ದಶಕದಲ್ಲಿ ಹಾಕಿದ ಕಂಪನಿಯ ಹೆಸರು ಸದರ್ನ್ ಮರಾಠಾ ರೈಲ್ವೆ. 1908ರಲ್ಲಿ ಅದು ಮದ್ರಾಸ್ ರೈಲ್ವೆಯೊಂದಿಗೆ ಕೂಡಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಆಯಿತು. ಧಾರವಾಡ, ಬೆಳಗಾವಿ, ವಿಜಾಪುರದ ಅಚ್ಚಗನ್ನಡ ಸೀಮೆಯನ್ನು ಆಂಗ್ಲ ಅಧಿಕಾರಿಗಳು 'ದಕ್ಷಿಣ ಮರಾಠಾ ದೇಶ'ವೆಂದು ಕರೆದರು. ಆ ತಪ್ಪುಪಾಠವೇ ಹಳಿಯ ಮೇಲೆ ಏರಿ, ಡಬ್ಬಿಡಬ್ಬಿಯ ಮೇಲೂ ಬರೆಯಲ್ಪಟ್ಟು, 1951ರಲ್ಲಿ ದಕ್ಷಿಣ ರೈಲ್ವೆ ರಚನೆಯಾಗುವವರೆಗೂ ಓಡಾಡಿತು. ಒಮ್ಮೆ ಅಚ್ಚಾದ ಅಪಪಾಠಕ್ಕೆ ಎಷ್ಟು ದೀರ್ಘಾಯುಷ್ಯ! ಸೋಜಿಗವೆಂದರೆ, ಇದೇ ಖಾನಾಪುರ ತಾಲ್ಲೂಕಿನ ಹಲಸಿಯ ಕದಂಬ ತಾಮ್ರಪಟಗಳನ್ನು ಫ್ಲೀಟ್ ಓದಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಪ್ರಕಟಿಸಿದ್ದು 1870ರ ದಶಕದಲ್ಲಿ, ರೈಲು ಇಲ್ಲಿಗೆ ಬರುವುದಕ್ಕೆ ಮೊದಲು. ಪಲಾಸಿಕೆಯ ಜಿನಾಲಯಗಳಿಗೆ ಕದಂಬರು ಕೊಟ್ಟ ದಾನದ ಅಕ್ಷರಗಳು ಹೊರಲೋಕಕ್ಕೆ ಹೋದದ್ದು ಎತ್ತಿನ ಗಾಡಿಯ, ಕುದುರೆಯ ದಾರಿಯಲ್ಲಿ. ರೈಲು ಬಂದ ಮೇಲೆ ಖಾನಾಪುರದಿಂದ ಹೊರಗೆ ಹೋದದ್ದು ಹೆಚ್ಚಾಗಿ ಕಾಡಿನ ಮರ. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನಕ್ಕೆ ಸಾವಿರಾರು ಜನ ಬಂದಿಳಿದದ್ದೂ ಈ ಹಳಿಯ ಮೇಲೆಯೇ. ಆ ಅಧಿವೇಶನದ ಬಗೆಗೆ ನಮ್ಮಲ್ಲಿ ಬೇಕಾದಷ್ಟು ಬರವಣಿಗೆ ಇದೆ. ಆ ಗಾಡಿಗಳ ಕೊನೆಯ ಡಬ್ಬಿಯಲ್ಲಿ ದೀಪ ಹಿಡಿದು ನಿಂತವನ ಬಗೆಗೆ ಒಂದು ವಾಕ್ಯವನ್ನೂ ನಾನು ಓದಿಲ್ಲ.

ಮಾದರಿ ಮಾಡಲು ಮೂಲ ಬೇಕಲ್ಲ? ಈ ದಾರಿ 1990ರ ದಶಕದಲ್ಲಿ ಬ್ರಾಡ್ ಗೇಜ್ ಆದಾಗ ಹಳೆಯ ಡಬ್ಬಿಗಳೆಲ್ಲ ಹರಾಜಿಗೆ, ಗುಜರಿಗೆ ಹೋದವು. ಹುಬ್ಬಳ್ಳಿಯಲ್ಲಿ 2020ರಲ್ಲಿ ತೆರೆದ ರೈಲು ವಸ್ತುಸಂಗ್ರಹಾಲಯಕ್ಕೆ ಹೋಗಿ ಬಂದೆ. 'ಮಲಪ್ರಭಾ', 'ಘಟಪ್ರಭಾ' ಎಂದು ನಮ್ಮ ನದಿಗಳ ಹೆಸರಿಟ್ಟ ಹಳೆಯ ಬಂಗಲೆಗಳಲ್ಲಿ ಕೈದೀಪ, ಟೋಕನ್ ಯಂತ್ರಗಳನ್ನು ನೋಡುತ್ತ ಅರ್ಧ ದಿನ ಸುಖವಾಗಿ ಕಳೆಯಿತು. ಆದರೆ ಅಪ್ಪ ಹೇಳುವ ನಮೂನೆಯ ನಾಲ್ಕು ಗಾಲಿಯ ಡಬ್ಬಿ ನನ್ನ ಕಣ್ಣಿಗೆ ಬೀಳಲಿಲ್ಲ. ಕೊನೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸುಳಿವು ಕೊಟ್ಟ. ಖಾನಾಪುರದ ಆಚೆ, ಮಲಪ್ರಭೆಯ ದಂಡೆಗೆ ಹತ್ತಿರದ ಒಂದು ಹೊಲದಲ್ಲಿ, ರೈತರೊಬ್ಬರು ಹರಾಜಿನಲ್ಲಿ ಕೊಂಡ ರೈಲು ಡಬ್ಬಿಯ ಮೇಲ್ಕಟ್ಟನ್ನು ಕಲ್ಲುಗಳ ಮೇಲೆ ಕೂರಿಸಿ ಮೇವಿನ ಮನೆ ಮಾಡಿಕೊಂಡಿದ್ದಾರೆ ಎಂದು.

ಹೋಗಿ ನೋಡಿದರೆ ಅದು ಬ್ರೇಕ್ ವ್ಯಾನೇ. ಗಾಲಿಗಳಿಲ್ಲ, ಮಾಡಿನ ಕ್ಯಾನ್ವಾಸ್ ಇಲ್ಲ. ಒಂದು ತುದಿಗೆ ತಗಡು ಹೊಡೆದು ಪೂರ್ತಿ ಮುಚ್ಚಿದ್ದರು. ಒಳಗೆ ಕೊರಳ ಮಟ್ಟಕ್ಕೆ ಭತ್ತದ ಹುಲ್ಲು. "ಅಳತೀ ತಗೊಳ್ರಿ ಮಾಸ್ತರ, ಆದ್ರ ಹುಲ್ಲು ನೀವ ತಗೀಬೇಕು, ನೀವ ತುಂಬಬೇಕು" ಎಂದರು ರೈತರು. ಅದು ನ್ಯಾಯವಾದ ಷರತ್ತು. ವಿದ್ಯಾರ್ಥಿಯೂ ನಾನೂ ಸೇರಿ ಬೆಳಗಿನಿಂದ ಮಧ್ಯಾಹ್ನದವರೆಗೆ ಹುಲ್ಲು ಹೊತ್ತೆವು. ಅಳತೆ ಹಿಡಿದಾಗ ವರಾಂಡಗಳೂ ಸೇರಿ ಹದಿನೆಂಟು ಅಡಿ ಉದ್ದ, ಏಳೂವರೆ ಅಡಿ ಅಗಲ. ಅಡಿಗೆ ಅರ್ಧ ಇಂಚಿನಂತೆ ಒಂಬತ್ತು ಇಂಚು, ಅಂದರೆ ಸರಿಯಾಗಿ ಒಂದು ಗೇಣು. ಪ್ರಪಂಚದ ಹವ್ಯಾಸಿಗಳಿಗೆ ಪ್ರಿಯವಾದ ಎಂಬತ್ತೇಳರಲ್ಲಿ ಒಂದರ ಪ್ರಮಾಣವನ್ನು ಹಿಡಿದಿದ್ದರೆ ಎರಡೂವರೆ ಇಂಚು ಆಗುತ್ತಿತ್ತು. ಅದು ನೋಡುವ ಕಣ್ಣಿಗೆ ಚೆಂದ, ತಡಕುವ ಬೆರಳಿಗಲ್ಲ. ಒಳಗೋಡೆಯ ಒಂದು ಬದಿಗೆ ಮೊಣಕಾಲೆತ್ತರದಲ್ಲಿ ನಾಲ್ಕು ಬೋಲ್ಟಿನ ತೂತು, ಬೆಂಚು ಇದ್ದ ಗುರುತು. ಎದುರು ಬದಿಗೆ ನೆಲಹಲಗೆಯಲ್ಲಿ ಅಂಗೈಯಗಲದ ಕಿಂಡಿ, ಕೈ ಬ್ರೇಕಿನ ಕಂಬ ಇಳಿದ ಜಾಗ. ಹೊರಗೋಡೆಯಲ್ಲಿ ಕೆಂಪು ಬಣ್ಣದ ಪೊರೆಯಡಿ ಸಂಖ್ಯೆಯ ಕೊನೆಯ ಎರಡು ಅಂಕೆಗಳು ಉಳಿದಿದ್ದವು, ಮುಂದಿನವು ಅಳಿಸಿಹೋಗಿದ್ದವು.

ಹೀಗೆ ನನ್ನ ಕೈಯಲ್ಲಿ ಮೂರು ಪ್ರತಿಗಳಾದವು. ಒಂದು, ತ್ರುಟಿತವಾದರೂ ಕಣ್ಣೆದುರು ನಿಂತಿರುವ ಈ ಮೇವಿನ ಮನೆ. ಎರಡು, ಲೋಂಡಾದ ಪ್ಲಾಟ್‌ಫಾರ್ಮಿನಲ್ಲಿ ತೆಗೆದ ಒಂದು ಕಪ್ಪುಬಿಳುಪು ಚಿತ್ರ. ಮೂವತ್ತಾರು ವರ್ಷದ ಅಪ್ಪ ವರಾಂಡದ ಕಟಾಂಜನಕ್ಕೆ ಕೈಯೂರಿ ನಿಂತಿದ್ದಾರೆ, ಪಕ್ಕದಲ್ಲಿ ದೀಪ ಸಿಕ್ಕಿಸುವ ಕಬ್ಬಿಣದ ಕೊಂಡಿ ಸ್ಪಷ್ಟವಾಗಿದೆ, ಬಾಗಿಲ ಹಿಂದೆ ಬರೀ ಕತ್ತಲು. ಮೂರು, ಅಪ್ಪನ ಬಾಯಿಮಾತು. ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥ ಸಂಪಾದನೆ'ಯನ್ನು ಓದಿದ ಯಾವ ವಿದ್ಯಾರ್ಥಿಗಾದರೂ ಮುಂದಿನ ಹೆಜ್ಜೆ ಗೊತ್ತು: ಪ್ರತಿಗಳನ್ನು ಹೋಲಿಸು, ಪಾಠಾಂತರಗಳನ್ನು ಗುರುತಿಸು, ಪ್ರತಿಯೊಂದರ ಯೋಗ್ಯತೆಯನ್ನು ತೂಗು.

ಕಟ್ಟುವ ಕೆಲಸ ಮಾತ್ರ ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ನನ್ನ ಕೈ ಲೇಖನಿಗಿಂತ ಭಾರವಾದುದನ್ನು ಹಿಡಿದದ್ದಲ್ಲ. ಮೊದಲನೆಯ ಡಬ್ಬಿ ಸೊಟ್ಟಗಾಯಿತು. ಎರಡನೆಯದಕ್ಕೆ ಬಳಸಿದ ಹಲಗೆ ಮಳೆಗಾಲದ ಥಂಡಿಗೆ ಉಬ್ಬಿ ಬಿರಿಯಿತು. ಆಮೇಲೆ ಓಣಿಯ ಬಡಿಗೇರ ಕಾಕಾ ಕೈಹಿಡಿದರು. ಮೂಲದ ಮುಕ್ಕಾಲಿಂಚಿಗೂ ಮಿಕ್ಕ ದಪ್ಪದ ಹಲಗೆ ಮಾದರಿಯಲ್ಲಿ ಮಿಲಿಮೀಟರಿಗಿಂತ ತೆಳುವಾಗಬೇಕು. ಅಷ್ಟು ತೆಳುವಾಗಿ ಸಾಗವಾನಿಯನ್ನು ಗರಗಸದಿಂದ ಸೀಳಲಾಗದು. ಬಾಗಿಲಿಗೆ ಅಂಟಿಸುವ ಸಾಗವಾನಿ ವಿನಿಯರಿನ ತುಂಡುಗಳನ್ನು ಅವರು ತಂದುಕೊಟ್ಟರು. ಐದು ಮಿಲಿಮೀಟರ್ ಅಗಲದ ಪಟ್ಟಿಗಳಾಗಿ ಕೊಯ್ದು, ಒಂದೊಂದನ್ನಾಗಿ ಫೆವಿಕಾಲ್ ಹಚ್ಚಿ ಕೂರಿಸಿದೆ. ಪಟ್ಟಿ ಪಟ್ಟಿಯ ನಡುವಿನ ಸಂದು ಬೆರಳಿಗೆ ಹತ್ತಬೇಕೆಂದು ಬೇಕೆಂದೇ ಬಿಟ್ಟೆ. ಮಾಡಿಗೆ ಅಪ್ಪನದೇ ಹಳೆಯ ಧೋತರದ ಬಟ್ಟೆಯನ್ನು ಅಂಟಿನಲ್ಲಿ ಅದ್ದಿ ಹೊದಿಸಿದೆ. ಒಣಗಿದ ಮೇಲೆ ಅದು ಬಣ್ಣ ಬಳಿದ ಕ್ಯಾನ್ವಾಸಿನಂತೆಯೇ ಒರಟಾಯಿತು. ಮೀಟರ್ ಗೇಜಿನ ಸರಕು ಡಬ್ಬಿಯ ಗಾಲಿ 725 ಮಿಲಿಮೀಟರ್ ವ್ಯಾಸದ್ದು, ಮಾದರಿಯಲ್ಲಿ ಮೂವತ್ತು. ಉದ್ಯಮಬಾಗದ ಲೇಥ್ ಅಂಗಡಿಯೊಂದರಲ್ಲಿ ಅವನ್ನು ಕಡೆಯಲು ಕೇಳಿದಾಗ, ದಿನವೂ ಸಾವಿರಗಟ್ಟಲೆ ಪಂಪಿನ ಭಾಗಗಳನ್ನು ಕಡೆಯುವ ಹುಡುಗ ನಾಲ್ಕೇ ಗಾಲಿಗಳ ಬೇಡಿಕೆಗೆ ನಕ್ಕ. ಯಾರಿಗೆಂದು ಹೇಳಿದ ಮೇಲೆ ಹಣ ತೆಗೆದುಕೊಳ್ಳಲಿಲ್ಲ. ಗಾಲಿಗಳ ನಡುವಣ ಅಂತರ ಒಂದು ಮೀಟರಿಗೆ ನಲವತ್ತೊಂದೂ ಮೂರರಲ್ಲೆರಡು ಮಿಲಿಮೀಟರ್. ಆ ಮೂರರಲ್ಲೆರಡಕ್ಕಾಗಿ ಒಂದು ಭಾನುವಾರ ಪೂರ್ತಿ ಹೋಯಿತು. ಯಾರೂ ಅಳೆಯಲಾರರೆಂದು ಗೊತ್ತಿದ್ದರೂ ಬಿಡಲಾಗಲಿಲ್ಲ. ಅನುಸ್ವಾರವೊಂದಕ್ಕಾಗಿ ಮೈಸೂರಿಗೋ ಮೂಡಬಿದಿರೆಗೋ ಹೋಗಿಬಂದವರಿಗೆ ಈ ರೋಗ ಪರಿಚಿತ. ಕೈ ಬ್ರೇಕಿನ ಚಕ್ರವನ್ನೂ ಹಿಂಬದಿಯ ದೀಪವನ್ನೂ ಶಹಾಪುರದ ಪತ್ತಾರರೊಬ್ಬರು ಹಿತ್ತಾಳೆಯಲ್ಲಿ ಮಾಡಿದರು. ದೀಪಕ್ಕೆ ಕೆಂಪು ಮಣಿಯೊಂದನ್ನು ಕೂರಿಸಿದರು. ಚಕ್ರ ತಿರುಗಬೇಕೆಂದು ನಾನು ಹೇಳಿರಲಿಲ್ಲ. ಅವರೇ ತಿರುಗುವಂತೆ ಮಾಡಿದ್ದರು.

ನಮ್ಮ ಬಸದಿಗಳಲ್ಲಿ ನಂದೀಶ್ವರ ದ್ವೀಪದ ಲೋಹದ ಪ್ರತಿಕೃತಿಗಳಿರುತ್ತವೆ. ಮನುಷ್ಯರು ಹೋಗಲಾಗದ ದ್ವೀಪದ ಐವತ್ತೆರಡು ಜಿನಾಲಯಗಳನ್ನು ಕುಸುರಿಯವನು ಅಂಗೈಯಗಲಕ್ಕೆ ಇಳಿಸುತ್ತಾನೆ. ಅವನಿಗೆ ಶಾಸ್ತ್ರದ ಅಳತೆಯೊಂದೇ ಆಧಾರ, ಕಂಡು ತಿದ್ದುವವರು ಯಾರೂ ಇಲ್ಲ. ನನಗೆ ಅಂಥ ನೆಮ್ಮದಿಯಿರಲಿಲ್ಲ. ತಿದ್ದುವವರು ಪಕ್ಕದ ಮಂಚದ ಮೇಲೆಯೇ ಇದ್ದರು.

ಸಂಖ್ಯೆಯ ವಿಷಯದಲ್ಲಿ ಮೊದಲ ತಕರಾರು ಬಂತು. ಉಳಿದ ಎರಡು ಅಂಕೆಗಳನ್ನಷ್ಟೇ ಬರೆದು, ಹೋದ ಅಂಕೆಗಳ ಜಾಗವನ್ನು ಶಾಸನಪಾಠದಲ್ಲಿ ಬಿಡುವಂತೆ ಖಾಲಿ ಬಿಟ್ಟೆ. ಇಲ್ಲದ ಅಕ್ಷರವನ್ನು ತುಂಬುವುದು ಸಂಪಾದಕನಿಗೆ ಸಲ್ಲದು. ಅಪ್ಪನಿಗೆ ಹೇಳಿದಾಗ, "ನಂಬರ್ ಇಲ್ಲದ ವ್ಯಾನ್ ಗಾಡೀಗೆ ಹಚ್ಚಾಂಗಿಲ್ಲೋ. ಯಾವನ ಸಹಿ ಮಾಡ್ತಾನ ಅದಕ್ಕ?" ಎಂದರು. ಇಂದಿಗೂ ಅದು ಖಾಲಿಯೇ ಇದೆ. ಈ ಒಂದು ವಿಷಯದಲ್ಲಿ ನಾನು ಸೋತಿಲ್ಲ.

ಎರಡನೆಯದು ಗಂಭೀರವಾದ ತಕರಾರು. ಒಳಗಿನ ಬೆಂಚು ಯಾವ ಬದಿಗೆ? ಮೇವಿನ ಮನೆಯಲ್ಲಿ ತಗಡು ಹೊಡೆಯದ ತುದಿಗೆ ಹಿಂದೀಪದ ಕೊಂಡಿಯೂ, 'ಕೊನೆಯ ವಾಹನ' ಎಂದು ಸಾರುವ ಎಲ್‌ವಿ ಫಲಕ ತೂಗಿಸುವ ಕೊಕ್ಕೆಯೂ ಇದ್ದವು. ಆದ್ದರಿಂದ ಅದೇ ಗಾಡಿಯ ಬಾಲದ ತುದಿ ಎಂದು ತೀರ್ಮಾನಿಸಿದೆ. ಆ ತುದಿಗೆ ಬೆನ್ನು ಮಾಡಿ, ಎಂಜಿನ್ ಕಡೆಗೆ ಮುಖ ಮಾಡಿ ನಿಂತರೆ ಬೆಂಚು ಬಲಕ್ಕೆ, ಬ್ರೇಕಿನ ಚಕ್ರ ಎಡಕ್ಕೆ. ಅಪ್ಪ ಒಪ್ಪಲಿಲ್ಲ. "ಎಂಜಿನ್ ಕಡೆ ಮಾರಿ ಮಾಡಿ ನಿಂತ್ರ ಬೆಂಚ್ ಎಡಕ್ಕ. ಗಾಲಿ ಬಲಗೈಗೆ" ಎಂದು ಪ್ರತಿ ಸಲವೂ ಅದನ್ನೇ ಹೇಳಿದರು. ಮೂರು ತಿಂಗಳ ಅಂತರದಲ್ಲಿ ಬೇರೆಬೇರೆ ಬಗೆಯಾಗಿ ಕೇಳಿದರೂ ಉತ್ತರ ಬದಲಾಗಲಿಲ್ಲ.

ನಾನು ಬೋಲ್ಟಿನ ತೂತುಗಳನ್ನು ನಂಬಿದೆ. ಕಬ್ಬಿಣ ಸುಳ್ಳು ಹೇಳದು, ಮುಪ್ಪಿನ ನೆನಪು ಹೇಳೀತು; ಮೂವತ್ತಾರು ವರ್ಷಗಳಲ್ಲಿ ಎಷ್ಟು ನಮೂನೆಯ ವ್ಯಾನುಗಳಲ್ಲಿ ಓಡಾಡಿದ್ದಾರೋ, ಒಂದರೊಳಗೊಂದು ಬೆರೆತಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಇಲ್ಲಿಯೇ ನಾನು ಸೂತ್ರ ತಪ್ಪಿದ್ದು. ಎರಡು ಪಾಠಗಳು ಎದುರಾದಾಗ ಕ್ಲಿಷ್ಟವಾದುದೇ ಮೂಲಕ್ಕೆ ಹತ್ತಿರವಿರುವ ಸಂಭವ ಹೆಚ್ಚು, ಏಕೆಂದರೆ ಲಿಪಿಕಾರನು ಕಠಿಣವಾದುದನ್ನು ಸುಲಭ ಮಾಡುವನಲ್ಲದೆ ಸುಲಭವಾದುದನ್ನು ಕಠಿಣ ಮಾಡುವುದಿಲ್ಲ ಎಂದು ಎಷ್ಟು ಸಲ ಕರಿಹಲಗೆಯ ಮೇಲೆ ಬರೆದಿದ್ದೇನೆ. ಬೆರೆತುಹೋದ ನೆನಪಾಗಿದ್ದರೆ ಒಮ್ಮೆ ಎಡ, ಒಮ್ಮೆ ಬಲ ಎನ್ನಬೇಕಿತ್ತು; ಅಥವಾ ನಾನು ಬಲ ಎಂದು ಒತ್ತಾಯಿಸಿದಾಗ ಇದ್ದೀತು ಎಂದು ತಲೆಯಾಡಿಸಬೇಕಿತ್ತು. ಅವರು ಎರಡನ್ನೂ ಮಾಡಲಿಲ್ಲ. ಆ ಹಟಕ್ಕೆ ಕಾರಣವೇನೆಂದು ನಾನು ಕೇಳಲಿಲ್ಲ. ನಮ್ಮ ಜಿಲ್ಲೆಯ ಸದಲಗಾದವರೇ ಆದ ಡಾ. ಆ. ನೇ. ಉಪಾಧ್ಯೆಯವರ ಸಂಪಾದನೆಗಳನ್ನು ಮಾದರಿಯೆಂದು ಹೊಗಳುವವನು, ಜೀವಂತ ಪ್ರತಿಯೊಂದನ್ನು ಓದದೆ ಬದಿಗಿಟ್ಟೆ.

ಕಳೆದ ದೀಪಾವಳಿಯ ಮರುದಿನ ಗಾಡಿಯನ್ನು ಅವರ ಮಡಿಲಲ್ಲಿಟ್ಟೆ. ಮೊದಲು ಗಾಲಿಗಳನ್ನು ಎಣಿಸಿದರು. ಕಟಾಂಜನವನ್ನು ಉಗುರಿನಿಂದ ಮೀಟಿದರು. ಹಲಗೆಯ ಸಂದುಗಳ ಮೇಲೆ ಹೆಬ್ಬೆರಳು ಹಾಯಿಸಿ, "ಹ್ಞಾಂ" ಎಂದರು. ಹಿಂದೀಪದ ಮಣಿ ಸಿಕ್ಕಿತು. ನಾನು ಮಾಡನ್ನು ಎತ್ತಿದೆ. ದೀಪದ ತುದಿಯನ್ನು ತಮ್ಮ ಹೊಟ್ಟೆಯ ಕಡೆಗೆ ಮಾಡಿಕೊಂಡು ಎರಡು ಬೆರಳುಗಳನ್ನು ಒಳಗೆ ಇಳಿಸಿದರು. ಬೆರಳು ಎಡಗೋಡೆಗೆ ಹೋಯಿತು, ಏನೂ ಸಿಗಲಿಲ್ಲ. ಮತ್ತೆ ಹೋಯಿತು. ಹಿತ್ತಾಳೆಯ ಚಕ್ರ ತಾಕಿದಾಗ ಅವರ ಕೈ ಬಿಸಿ ತಾಗಿದಂತೆ ಹಿಂದೆ ಸರಿಯಿತು. ಬಹಳ ಹೊತ್ತು ಸುಮ್ಮನಿದ್ದರು. ಇನ್ನು "ಇದು ನನ್ನ ವ್ಯಾನ್ ಅಲ್ಲ" ಎನ್ನುತ್ತಾರೆಂದು ನಾನು ಕಾದೆ.

ಅವರು ಹಾಗೆನ್ನಲಿಲ್ಲ. ದೀಪವನ್ನು ಕೊಂಡಿಯಿಂದ ಬಿಡಿಸಿ ಅಂಗೈಯಲ್ಲಿಟ್ಟುಕೊಂಡರು. ಆಮೇಲೆ ಗಾಡಿಯನ್ನು ಮಡಿಲಲ್ಲಿಯೇ ಅರ್ಧ ಸುತ್ತು ತಿರುಗಿಸಿದರು. ಹಿಂದಿನ ತುದಿ ಮುಂದಾಯಿತು, ಮುಂದಿನದು ಹಿಂದಾಯಿತು. ಎಡಗೈ ಬೆಂಚಿನ ಮೇಲೆ, ಬಲಗೈ ಚಕ್ರದ ಮೇಲೆ. "ಈಗ ಬರೋಬ್ಬರಿ ಆತ ನೋಡು" ಎಂದರು. "ಲೋಂಡಾದಿಂದ ಊರಿಗೆ ಬರೂ ಮುಂದ ಹಿಂಗ. ನೀ ಮಾಡಿದ್ದು ಊರಿಂದ ಲೋಂಡಾಕ್ಕ ಹೋಗೂ ಗಾಡಿ."

ಬ್ರೇಕ್ ವ್ಯಾನಿಗೆ ಮುಖವಿಲ್ಲ, ಬೆನ್ನಿಲ್ಲ. ಎಂಜಿನ್ನಿನಂತೆ ಅದನ್ನು ತಿರುಗುಮೇಜಿನ ಮೇಲೆ ಹತ್ತಿಸಿ ತಿರುಗಿಸುವುದಿಲ್ಲ. ಹೋಗುವಾಗ ಹಿಂದಿದ್ದ ವರಾಂಡ ಬರುವಾಗ ಎಂಜಿನ್ ಕಡೆಗಾಗುತ್ತದೆ, ದೀಪವನ್ನಷ್ಟೇ ಆ ತುದಿಯಿಂದ ಈ ತುದಿಗೆ ಒಯ್ಯುತ್ತಾರೆ. ಕೆಲವು ವಾರಗಳ ಮೇಲೆ ಮತ್ತೆ ಖಾನಾಪುರಕ್ಕೆ ಹೋಗಿ, ರೈತರ ಒಪ್ಪಿಗೆ ಪಡೆದು, ಮುಚ್ಚಿದ ತುದಿಯ ತಗಡಿನ ನಾಲ್ಕು ಮೊಳೆ ಸಡಿಲಿಸಿ ನೋಡಿದೆ. ಅಲ್ಲಿಯೂ ಅದೇ ಕೊಂಡಿ, ಅದೇ ಕೊಕ್ಕೆ. ನೋಡದಿದ್ದರೂ ಆಗುತ್ತಿತ್ತು. ಎರಡೂ ತುದಿಗೆ ಕಟಾಂಜನ ಕೂರಿಸಿದ ನನ್ನ ಕೈಗೇ ಅದು ಹೊಳೆಯಬೇಕಿತ್ತು.

ಆದರೂ ಒಂದು ಪ್ರಶ್ನೆ ಉಳಿಯಿತು. ಇಷ್ಟು ವರ್ಷ ಎರಡೂ ದಿಕ್ಕಿಗೆ ಓಡಾಡಿದವರಿಗೆ ಬೆಂಚು ಅರ್ಧ ಕಾಲ ಎಡಕ್ಕೆ, ಅರ್ಧ ಕಾಲ ಬಲಕ್ಕೆ ಇದ್ದಿರಬೇಕು. ನೆನಪಿನಲ್ಲಿ ಮಾತ್ರ ಎಡವೊಂದೇ ಏಕೆ ಉಳಿಯಿತು? ಈ ಸಲ ಕೇಳಿದೆ.

"ಆ ರಾತ್ರಿ ಹಂಗ ಇತ್ತು" ಎಂದರು.

ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಜಡಿಮಳೆಯ ದಿನಗಳು. ಲೋಂಡಾದಿಂದ ಬೆಳಗಾವಿಗೆ ಬರುತ್ತಿದ್ದ ಸರಕು ಗಾಡಿ, ವೈಜಿ ವರ್ಗದ ಹಬೆ ಎಂಜಿನ್. ಗುಂಜಿ ದಾಟಿ ಏರು ಹತ್ತುವಾಗ ಜಗ್ಗಿದಂತಾಗಿ, ಮಾಪಕದ ಮುಳ್ಳು ಒಮ್ಮೆಲೇ ಸೊನ್ನೆಗೆ ಬಿತ್ತು. ನಡುವೆ ಕೊಕ್ಕೆ ಮುರಿದಿತ್ತು. ಬ್ರೇಕು ಹಿಡಿದು ಎರಡೂ ತುಂಡು ನಿಂತವು. ಅಪ್ಪ ಚಕ್ರವನ್ನು ತಿರುಗಿಸಿ ಬಿಗಿದರು, ಕೆಳಗಿಳಿದು ಕೆಲವು ಡಬ್ಬಿಗಳ ಕೈ ಬ್ರೇಕನ್ನೂ ಒತ್ತಿ ಬಂದರು. ಚಾಲಕ ಮುಂದಿನ ತುಂಡನ್ನು ಖಾನಾಪುರಕ್ಕೆ ಒಯ್ಯಬೇಕು, ಎಂಜಿನ್ ಮರಳಿ ಬಂದು ಹಿಂದಿನದನ್ನು ಒಯ್ಯಬೇಕು; ಅಲ್ಲಿಯವರೆಗೆ ಟೋಕನ್ ಗೋಳ ಚಾಲಕನ ಬಳಿಯೇ ಇರಬೇಕು, ಬೇರೆ ಗಾಡಿಗೆ ಹಳಿ ತೆರೆಯಬಾರದು. ಗಾರ್ಡ್ ಹಿಂದಿನ ತುಂಡನ್ನು ಬಿಟ್ಟು ಕದಲುವಂತಿಲ್ಲ. ನಿಯಮದಂತೆ ಹಿಂದಕ್ಕೆ ನಡೆದು, 400 ಮೀಟರಿಗೆ ಒಂದು ಡೆಟೊನೇಟರ್, 800 ಮೀಟರಿಗೆ ಹತ್ತು ಹತ್ತು ಮೀಟರ್ ಬಿಟ್ಟು ಮೂರು, ಹಳಿಗೆ ಕಟ್ಟಿ ಬಂದರು. ಬಂದು ಬೆಂಚಿನ ಮೇಲೆ ಕುಳಿತು ಬಲಗೈಯನ್ನು ಚಕ್ರದ ಮೇಲಿಟ್ಟುಕೊಂಡರು. ಮಳೆ, ಕಾಡು, ಕತ್ತಲೆ. ಎಂಜಿನ್ ಬಂದದ್ದು ಬೆಳಗಿನ ಜಾವದ ಹೊತ್ತಿಗೆ. "ಗಾಲಿ ಬಿಟ್ರ ಉರುಳತೈತಿ ಅನಸ್ತಿತ್ತು. ಬಿಗದಿದ್ದೆ, ಉರುಳತಿರಲಿಲ್ಲ. ಆದ್ರೂ ಕೈ ತಗೀಲಿಲ್ಲ." ಅಷ್ಟು ಹೇಳಿ, "ನಿಮ್ಮವ್ವನ ದಿನಾ ತುಂಬಿದ್ದಿಲ್ಲ ಆಗ" ಎಂದರು. ಮುಂದೆ ಮಾತಾಡಲಿಲ್ಲ.

ನನಗಿಂತ ನಾಲ್ಕು ವರ್ಷ ಕಿರಿಯ ತಂಗಿಯೊಬ್ಬಳು ಹುಟ್ಟಿ, ಬೆಳಗಾಗುವವರೆಗೂ ಉಳಿಯದೆ ಹೋದದ್ದು ನನಗೆ ಗೊತ್ತಿತ್ತು. ಅವ್ವ ಇದ್ದಷ್ಟು ಕಾಲ ಪ್ರತಿವರ್ಷ ಆಷಾಢದ ಒಂದು ದಿನ ಏಕಾಶನ ಮಾಡುತ್ತಿದ್ದಳು. ಕಾರಣ ಹೇಳುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ. ಆ ರಾತ್ರಿ ಅಪ್ಪ ಎಲ್ಲಿದ್ದರೆಂಬುದು ಮಾತ್ರ ಮನೆಯಲ್ಲಿ ಯಾರ ಬಾಯಿಂದಲೂ ಬಂದಿರಲಿಲ್ಲ. ಚಿಕ್ಕಂದಿನಲ್ಲಿ ಅತ್ತೆಯೊಬ್ಬಳು, "ಗಂಡಸರಿಗೇನು, ಗಾಡಿ ಇದ್ರ ಆತು" ಎಂದದ್ದು ನನ್ನ ಕಿವಿಯಲ್ಲಿ ಉಳಿದಿತ್ತು; ಬಹುಶಃ ಆ ಒಂದು ಮಾತಿನಿಂದ ನಾನೂ ಅಪ್ಪನ ಬಗೆಗೆ ಏನೋ ಒಂದು ತೀರ್ಪು ಕೊಟ್ಟುಕೊಂಡು ಬೆಳೆದಿದ್ದೆ.

ಅಟ್ಟದ ಮೇಲೆ ಅವರ ಕಬ್ಬಿಣದ ಪೆಟ್ಟಿಗೆಯಲ್ಲಿ ಖಾಸಗಿ ಟಿಪ್ಪಣಿ ಪುಸ್ತಕಗಳಿದ್ದವು. ಗಾರ್ಡುಗಳು ಗಾಡಿಯ ವಿವರ ಬರೆದಿಟ್ಟುಕೊಳ್ಳುವ ಬಗೆಯವು: ಗಾಡಿಯ ಸಂಖ್ಯೆ, ಎಂಜಿನ್ ಸಂಖ್ಯೆ, ಡಬ್ಬಿಗಳೆಷ್ಟು, ನಿರ್ವಾತವೆಷ್ಟು, ಯಾವ ನಿಲ್ದಾಣಕ್ಕೆ ಎಷ್ಟಕ್ಕೆ ಬಂತು, ಎಷ್ಟಕ್ಕೆ ಬಿಟ್ಟಿತು. ಮಾದರಿಯ ಅಳತೆಗಾಗಿ ಅವನ್ನು ಹಿಂದೆಯೇ ತಿರುವಿಹಾಕಿದ್ದೆ. ಬೆಂಚಿನ ಸುದ್ದಿ ಅವುಗಳಲ್ಲಿ ಇಲ್ಲವೆಂದು ಕಟ್ಟಿಟ್ಟಿದ್ದೆ. ಈಗ 1972ರ ಜುಲೈ ತಿಂಗಳಿನ ಪುಟಗಳನ್ನು ತೆರೆದೆ. ಅಂದಿನ ದಾಖಲೆ ನಾಲ್ಕು ಸಾಲು. ಗುಂಜಿ ಬಿಟ್ಟ ಹೊತ್ತು, ಗಾಡಿ ತುಂಡಾದ ಹೊತ್ತು, ಹಿಂಭಾಗ ಖಾನಾಪುರ ತಲುಪಿದ ಹೊತ್ತು, ಬೆಳಗಾವಿ ತಲುಪಿದ ಹೊತ್ತು. ಅಕ್ಷರ ಎಂದಿನಂತೆ ದುಂಡಗೆ, ತಿದ್ದುಪಡಿ ಒಂದೂ ಇಲ್ಲ. ಮರುದಿನದಿಂದ ಒಂಬತ್ತು ದಿನ ಪುಟಗಳು ಖಾಲಿ. ದಿನಾಂಕಗಳನ್ನು ತಾನೇ ಅಚ್ಚುಕಟ್ಟಾಗಿ ಬರೆದು, ಅವುಗಳ ಮುಂದೆ ಏನನ್ನೂ ಬರೆದಿಲ್ಲ. ಹತ್ತನೆಯ ದಿನ ಮತ್ತೆ ಗಾಡಿಯ ಸಂಖ್ಯೆ, ಎಂಜಿನ್ ಸಂಖ್ಯೆ, ನಿರ್ವಾತ.

2022ರಲ್ಲಿ ರೈಲ್ವೆ ಇಲಾಖೆ ಗಾರ್ಡ್ ಎಂಬ ಹುದ್ದೆಯ ಹೆಸರನ್ನು ಟ್ರೈನ್ ಮ್ಯಾನೇಜರ್ ಎಂದು ಬದಲಿಸಿತು. ಸರಕು ಗಾಡಿಯ ಕೊನೆಯ ಡಬ್ಬಿಗೆ ಯಂತ್ರವೊಂದನ್ನು ಕಟ್ಟಿ, ಗಾಡಿ ಇಡಿಯಾಗಿದೆಯೋ ಇಲ್ಲವೋ ಎಂದು ಅದರಿಂದಲೇ ಎಂಜಿನ್ನಿಗೆ ತಿಳಿಸುವ ಪ್ರಯೋಗಗಳೂ ನಡೆದಿವೆ. ಅಮೆರಿಕದಲ್ಲಿ ಕಬೂಸುಗಳು ಮರೆಯಾದದ್ದು ಇಂಥದೇ ಪೆಟ್ಟಿಗೆಯಿಂದ, 1980ರ ದಶಕದಲ್ಲಿ. ಈ ಸುದ್ದಿಯನ್ನು ಓದಿ ಹೇಳಿದಾಗ ಅಪ್ಪ, "ಮ್ಯಾನೇಜರ್? ಕುಂಡ್ರೂದೆಲ್ಲಿ ಅಂವಾ?" ಎಂದಷ್ಟೇ ಕೇಳಿದ್ದರು.

ಗಾಡಿ ಈಗ ಗೂಡಿನಲ್ಲಿದೆ. ಗೂಡಿನ ಗೋಡೆ ಉತ್ತರ ದಕ್ಷಿಣವಾಗಿ ಹಾದಿದೆ ಎಂದು ನನ್ನಿಂದ ಕೇಳಿ ತಿಳಿದುಕೊಂಡ ಮೇಲೆ, ದೀಪದ ತುದಿಯನ್ನು ತಾವೇ ಲೋಂಡಾದ ಕಡೆಗೆ ಮಾಡಿ ಇಟ್ಟರು. ಅಂದರೆ ಎಂಜಿನ್ ಬೆಳಗಾವಿಯ ಕಡೆಗೆ. ಮೊನ್ನೆ ಕೆಲಸದಾಕೆ ಧೂಳು ಒರೆಸುವಾಗ ಅದನ್ನು ಉಲ್ಟಾ ಮಾಡಿ ಇಟ್ಟಿದ್ದಳು. ಸಂಜೆ ಎರಡನೆಯ ಗೇಟಿನ ಕಡೆಯಿಂದ ಸರಕು ಗಾಡಿಯೊಂದರ ಸದ್ದು ಬಂತು. ಅಪ್ಪ ಎಂದಿನಂತೆ ಗೂಡಿಗೆ ಕೈ ಚಾಚಿ ದೀಪ ತಡಕಿದರು. ಸಿಗಲಿಲ್ಲ. "ಇದು ಎತ್ತ ಹೊಂಟೈತೋ ತಮ್ಮಾ" ಎಂದು ಕೇಳಿ, ನಾನು ಎದ್ದು ಬರುವಷ್ಟರಲ್ಲಿ ತಿರುಗಿಸಿ ಇಟ್ಟಿದ್ದರು.